ರಾಮೋಜಿಯೋ, ವಂಡರ್‌ಲಾವೋ, ಇಮ್ಯಾಜಿಕಾವೋ? ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯೋ ದಸರೆ ರಜೆಯೋ ಹತ್ತಿರ ಬಂತೆಂದರೆ ನಮ್ಮ ಭಾಗದ ಮನೆಗಳಲ್ಲಿ ಹೈದರಾಬಾದಿನ ಮಾತು ಏಳುತ್ತದೆ. ಬೆಂಗಳೂರಿಗೆ ಹೋಗಬೇಕಾದರೆ ಹೆಚ್ಚಾಗಿ ಒಂದು ರಾತ್ರಿ ರೈಲಿನಲ್ಲೇ ಕಳೆಯಬೇಕು. ಹೈದರಾಬಾದಿಗಾದರೆ ನಸುಕಿನಲ್ಲಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪುತ್ತಾರೆ. ಆ ಊರಿನ ಹೊರವಲಯದಲ್ಲಿ ರಾಮೋಜಿ ಫಿಲ್ಮ್ ಸಿಟಿ ಮತ್ತು ವಂಡರ್‌ಲಾ ಎಂಬ ಎರಡು ದೊಡ್ಡ ಪಾರ್ಕುಗಳಿದ್ದು, ಮನೆಯ ಅರ್ಧ ಮಂದಿ ಒಂದರ ಹೆಸರು ಹೇಳಿದರೆ ಉಳಿದ ಅರ್ಧ ಮಂದಿ ಇನ್ನೊಂದರ ಹೆಸರು ಹಿಡಿಯುವುದು ವಾಡಿಕೆ. ಜೊತೆಗೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ, ಬಿಡದಿಯ ವಂಡರ್‌ಲಾ, ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಫ್ಲಾರಿಡಾದ ಡಿಸ್ನಿ ಮತ್ತು ಯೂನಿವರ್ಸಲ್ ಕೂಡ ಚರ್ಚೆಗೆ ಬರುತ್ತವೆ. ಅಂಥ ಚರ್ಚೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಟಿಕೆಟ್ ದರಗಳು ಹಂಗಾಮಿಗೊಮ್ಮೆ ಬದಲಾಗುವುದರಿಂದ ಅವುಗಳನ್ನು ಇಲ್ಲಿ ಕೊಟ್ಟಿಲ್ಲ. ಹೊರಡುವ ಮುನ್ನ ಆಯಾ ಪಾರ್ಕಿನ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ರಾಮೋಜಿ ಮತ್ತು ವಂಡರ್‌ಲಾ, ಇವೆರಡರಲ್ಲಿ ಯಾವುದು ಚೆನ್ನ?

ಯಾರು ಹೊರಟಿದ್ದಾರೆ ಎಂಬುದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಪಾರ್ಕುಗಳಲ್ಲಿ ನೋಡುವ ಪಾರ್ಕು, ಏರುವ ಪಾರ್ಕು ಎಂದು ಎರಡು ಜಾತಿ. ರಾಮೋಜಿ ನೋಡುವ ಪಾರ್ಕು. ಅಲ್ಲಿ ನೀವು ಬಸ್ಸಿನಲ್ಲಿ ಕುಳಿತು ಸೆಟ್ಟುಗಳನ್ನು, ತೋಟಗಳನ್ನು, ಕುಣಿತವನ್ನು, ಸ್ಟಂಟುಗಳನ್ನು ನೋಡುತ್ತೀರಿ. ವಂಡರ್‌ಲಾ ಏರುವ ಪಾರ್ಕು. ಅಲ್ಲಿ ರೈಡುಗಳನ್ನು ಏರದೆ, ನೀರಿಗೆ ಇಳಿಯದೆ ಸುಮ್ಮನೆ ಬೆಂಚಿನ ಮೇಲೆ ಕುಳಿತವರಿಗೆ ಮಧ್ಯಾಹ್ನ ಎರಡು ಗಂಟೆಯಾಗುವಷ್ಟರಲ್ಲಿ ಬೇಸರ ಹಿಡಿಯುತ್ತದೆ. ಹದಿಹರೆಯದ ಮಕ್ಕಳು, ಕಾಲೇಜಿನ ಗೆಳೆಯರು, ಹೊಸದಾಗಿ ಮದುವೆಯಾದವರು ವಂಡರ್‌ಲಾಕ್ಕೆ ಹೋಗಲಿ. ಮೂರು ತಲೆಮಾರು ಒಂದೇ ಕ್ರೂಸರ್ ಗಾಡಿಯಲ್ಲಿ ಹೊರಟಿದ್ದರೆ ರಾಮೋಜಿಯೇ ಸರಿ. ಜಗಳ ಹುಟ್ಟುವುದು ಹೆಚ್ಚಾಗಿ ಈ ಎರಡೂ ಗುಂಪು ಒಂದೇ ಗಾಡಿಯಲ್ಲಿದ್ದಾಗ. ಅಂಥವರಿಗೆ ಎರಡು ದಿನ ಬೇಕು. ಅದರ ಬಗೆ ಮುಂದೆ ಹೇಳಿದೆ.

ರಾಮೋಜಿ ಫಿಲ್ಮ್ ಸಿಟಿಯಲ್ಲಿ ಇಡೀ ದಿನ ಕಳೆಯುವಂಥದ್ದು ಏನಿದೆ?

ಚೆರುಕೂರಿ ರಾಮೋಜಿ ರಾವ್ ಅವರು 1996ರಲ್ಲಿ ಕಟ್ಟಿಸಿದ ಈ ಚಿತ್ರನಗರಿ ಜಗತ್ತಿನಲ್ಲೇ ಅತಿ ದೊಡ್ಡ ಚಿತ್ರನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ವಿಸ್ತಾರ 1,666 ಎಕರೆ. ರಾವ್ ಅವರು 2024ರ ಜೂನ್‌ನಲ್ಲಿ ತೀರಿಕೊಂಡರು. ಇಂದಿಗೂ ಇಲ್ಲಿ ಚಿತ್ರೀಕರಣ ನಡೆಯುತ್ತದೆ; ಆದ್ದರಿಂದ ಇದು ಮೂಲತಃ ಕಾರ್ಖಾನೆ, ಪ್ರವಾಸಿಗರಿಗಾಗಿ ಅದರ ಒಂದು ಬಾಗಿಲು ತೆರೆದಿದೆ ಎಂದು ತಿಳಿದುಕೊಂಡು ಹೋದರೆ ಅದರ ರುಚಿ ಹತ್ತುತ್ತದೆ.

ಟಿಕೆಟ್ ಪಡೆದ ಮೇಲೆ ಪಾರ್ಕಿನ ಬಸ್ಸುಗಳೇ ನಿಮ್ಮನ್ನು ಒಳಗೆ ಒಯ್ಯುತ್ತವೆ. ಮುಖ್ಯ ಚೌಕ ಯುರೇಕಾ. ಅಲ್ಲಿಂದ ಕಿಟಕಿಗಳಿಗೆ ಗಾಜಿಲ್ಲದ ಕೆಂಪು ಬಸ್ಸಿನಲ್ಲಿ ಸೆಟ್ಟುಗಳ ಸುತ್ತಾಟ. ಜೊತೆಗೊಬ್ಬ ಮಾರ್ಗದರ್ಶಿ ತೆಲುಗಿನಲ್ಲೋ ಹಿಂದಿಯಲ್ಲೋ ವಿವರಿಸುತ್ತ ಹೋಗುತ್ತಾರೆ. ದಖನಿ ಕಿವಿಗೆ ಬಿದ್ದು ಬೆಳೆದ ನಮ್ಮವರಿಗೆ ಯಾವ ಮಾತೂ ತಪ್ಪುವುದಿಲ್ಲ. ರೈಲು ನಿಲ್ದಾಣದ ಸೆಟ್ಟಿನಲ್ಲಿ ಪ್ಲಾಟ್‌ಫಾರ್ಮು, ಹಳಿ, ಡಬ್ಬಿ ಎಲ್ಲವೂ ಇವೆ. ರೈಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಂದೇ ಕಟ್ಟಡಕ್ಕೆ ನಾಲ್ಕು ದಿಕ್ಕಿನಿಂದ ನಾಲ್ಕು ವೇಷ ತೊಡಿಸಿರುವುದನ್ನು, ಕಲ್ಲಿನ ಕಂಬವೆಂದು ಕಂಡದ್ದನ್ನು ತಟ್ಟಿದರೆ ಟೊಳ್ಳು ಸದ್ದು ಬರುವುದನ್ನು ಮಕ್ಕಳು ತಮ್ಮ ಕೈಯಿಂದಲೇ ಕಂಡುಕೊಳ್ಳುತ್ತಾರೆ. ಪೌರಾಣಿಕ ಚಿತ್ರಗಳಿಗಾಗಿ ಮಾಡಿದ ಭಾಗವತಂ ಸೆಟ್ಟು, ಜಪಾನಿ ತೋಟ, ಮೊಗಲ್ ತೋಟ, ಕೃಪಾಲು ಗುಹೆಗಳು, ಚಿಟ್ಟೆಗಳ ಪಾರ್ಕು, ಹಕ್ಕಿಗಳ ಪಾರ್ಕು ಇವೆ. ‘ಬಾಹುಬಲಿ’ ಚಿತ್ರದ ಮಾಹಿಷ್ಮತಿಯ ಸೆಟ್ಟನ್ನೂ ಉಳಿಸಿಟ್ಟಿದ್ದಾರೆ. ಹುಡುಗರ ಫೋಟೊಗಳಲ್ಲಿ ಅರ್ಧಕ್ಕರ್ಧ ಅಲ್ಲಿಯವೇ ಇರುತ್ತವೆ.

ನನ್ನ ಮಟ್ಟಿಗೆ ಇಡೀ ರಾಮೋಜಿಯಲ್ಲಿ ತಪ್ಪಿಸಬಾರದ್ದು ಮೂವಿ ಮ್ಯಾಜಿಕ್. ಪ್ರೇಕ್ಷಕರಲ್ಲೇ ಒಬ್ಬ ಹೆಣ್ಣುಮಗಳನ್ನು ಕರೆದು ಟಾಂಗಾದ ಮೇಲೆ ಕೂರಿಸುತ್ತಾರೆ. ಟಾಂಗಾ ಇದ್ದಲ್ಲೇ ಅಲುಗುತ್ತದೆ, ಆಕೆ ಲಗಾಮು ಜಗ್ಗುತ್ತ ನಗು ತಡೆಯಲಾಗದೆ ಒದ್ದಾಡುತ್ತಾಳೆ. ಮುಂದಿನ ಕೋಣೆಯಲ್ಲಿ ಪ್ರೇಕ್ಷಕರಿಂದಲೇ ಗೊರಸಿನ ಸದ್ದು, ಗಾಳಿಯ ಸದ್ದು ಮಾಡಿಸುತ್ತಾರೆ. ಕೊನೆಗೆ ಎಲ್ಲವನ್ನೂ ಜೋಡಿಸಿ ಪರದೆಯ ಮೇಲೆ ತೋರಿಸಿದಾಗ ಅದೇ ಹೆಣ್ಣುಮಗಳು ಧೂಳೆಬ್ಬಿಸಿಕೊಂಡು ಟಾಂಗಾ ಓಡಿಸುತ್ತಿರುತ್ತಾಳೆ. ಚಿತ್ರೀಕರಣ, ಧ್ವನಿ, ಸಂಕಲನ ಎಂಬ ಮೂರು ಬೇರೆ ಬೇರೆ ಕೆಲಸಗಳಿವೆ ಎಂಬುದು ಎಂಟನೆಯ ತರಗತಿಯ ಹುಡುಗನಿಗೂ ಅರಿವಾಗುತ್ತದೆ.

ರಾಮೋಜಿಯಲ್ಲಿ ರೈಡುಗಳೂ ಇವೆ, ಆದರೆ ಅವು ಸಣ್ಣವು. ಅವುಗಳನ್ನೇ ನಂಬಿ ಹೋದವರು ನಿರಾಶರಾಗುತ್ತಾರೆ.

ವಂಡರ್‌ಲಾದ ರೈಡುಗಳಿಗೂ ನಮ್ಮ ಶರಣಬಸವೇಶ್ವರ ಜಾತ್ರೆಯ ತೊಟ್ಟಿಲಿಗೂ ಏನು ವ್ಯತ್ಯಾಸ?

ಜಾತ್ರೆಯ ತೊಟ್ಟಿಲು ನಿಮ್ಮನ್ನು ಎತ್ತಿ ಇಳಿಸುತ್ತದೆ, ಅಷ್ಟೆ. ಭಯ ಹುಟ್ಟುವುದು ಎತ್ತರದಿಂದ, ಮತ್ತು ನಿಜ ಹೇಳಬೇಕೆಂದರೆ ಕಿರುಗುಡುವ ಬೋಲ್ಟುಗಳಿಂದ. ದೊಡ್ಡ ಪಾರ್ಕಿನ ರೈಡು ಭಯವನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಹೈದರಾಬಾದಿನ ವಂಡರ್‌ಲಾದಲ್ಲಿರುವ ರಿಕಾಯಿಲ್ ಎಂಬ ರೋಲರ್ ಕೋಸ್ಟರನ್ನೇ ನೋಡಿ. ನೆದರ್‌ಲೆಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿ ಅದು. ಅದಕ್ಕೆ ಎಂಜಿನ್ನು ಇರುವುದಿಲ್ಲ. ಡಬ್ಬಿಗಳ ಸಾಲನ್ನು ಮೊದಲು ಹಿಮ್ಮುಖವಾಗಿ ಕಡಿದಾದ ಏರಿಗೆ ಎಳೆದೊಯ್ಯುತ್ತಾರೆ. ನಿಮ್ಮ ಮುಖ ನೆಲದ ಕಡೆ, ಬೆನ್ನು ಆಕಾಶದ ಕಡೆ. ತುದಿಯಲ್ಲಿ ಒಂದು ಗಳಿಗೆ ಎಲ್ಲವೂ ನಿಲ್ಲುತ್ತದೆ. ಕೊಂಡಿ ಬಿಟ್ಟ ಕೂಡಲೇ ಭೂಮಿಯ ಸೆಳೆತವೊಂದರಿಂದಲೇ ಸಾಲು ಕೆಳಗೆ ನುಗ್ಗಿ, ಮೂರು ಬಾರಿ ತಲೆಕೆಳಗಾಗಿ, ಎದುರಿನ ಇನ್ನೊಂದು ಏರನ್ನು ಹತ್ತುತ್ತದೆ. ಅಲ್ಲಿ ಮತ್ತೆ ಎಳೆದು ಬಿಟ್ಟರೆ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ಮೂರು ಬಾರಿ. ಮುಂದೆ ಹೋಗುವಾಗ ತಿರುವು ಕಣ್ಣಿಗೆ ಕಾಣುವುದರಿಂದ ಮೈ ಸಿದ್ಧವಾಗಿರುತ್ತದೆ. ಹಿಂದೆ ಬರುವಾಗ ಏನೂ ಕಾಣುವುದಿಲ್ಲ. ಹೆಚ್ಚಿನವರು ಕಿರುಚುವುದು ಆ ಎರಡನೆಯ ಅರ್ಧದಲ್ಲಿ.

ವಂಡರ್‌ಲಾ ವಿ-ಗಾರ್ಡ್ ಕಂಪನಿಯ ಸ್ಥಾಪಕರಾದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು ಆರಂಭಿಸಿದ ಸಂಸ್ಥೆ. ಮೊದಲ ಪಾರ್ಕು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಬಂದಿತು, ಬಿಡದಿಯದು 2005ರಲ್ಲಿ, ಹೈದರಾಬಾದಿನದು 2016ರ ಏಪ್ರಿಲ್‌ನಲ್ಲಿ. ಒಣ ರೈಡುಗಳು ಒಂದು ಕಡೆ, ನೀರಿನ ರೈಡುಗಳು ಮತ್ತೊಂದು ಕಡೆ ಇರುವುದು ಎಲ್ಲ ವಂಡರ್‌ಲಾಗಳ ಏರ್ಪಾಡು. ಅಲೆಗಳ ಕೊಳ, ರಬ್ಬರ್ ಟ್ಯೂಬಿನಲ್ಲಿ ಕುಳಿತು ಜಾರುವ ಬಂಡಿ, ಕತ್ತಲೆಯಲ್ಲಿ ಬಿಸಿನೀರಿನ ಮಳೆಗೆ ಕುಣಿಯುವ ರೇನ್ ಡಿಸ್ಕೊ ಇವು ನೀರಿನ ಭಾಗದ ಆಕರ್ಷಣೆಗಳು. ನಮ್ಮ ಕಡೆಯವರಿಗೆ ಇದರ ಸೊಗಸೇ ಬೇರೆ. ನಾಲ್ವತ್ತು ಡಿಗ್ರಿ ದಾಟಿದ ಬಿಸಿಲಿನಿಂದ ಹೋದವರು ಅಲೆಗಳ ಕೊಳದಿಂದ ಮೇಲೇಳುವುದೇ ಇಲ್ಲ. ಬೇರೆ ರೈಡುಗಳಿಗೆ ಹೊತ್ತು ಸಾಲದೆ ಹೋಗುವುದು ಆಗಲೇ.

ಮಗುವಿಗೆ ಆರು ವರ್ಷ. ರೈಡಿಗೆ ಬಿಡುತ್ತಾರೆಯೇ?

ವಂಡರ್‌ಲಾದಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಕಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ದೊಡ್ಡವರ ಟಿಕೆಟ್. ರಿಕಾಯಿಲ್‌ನಂಥ ದೊಡ್ಡ ರೈಡುಗಳಿಗೂ 140 ಸೆಂಟಿಮೀಟರೇ ಗಡಿ. ಆರು ವರ್ಷದ ಮಗು ಆ ಗಡಿಯಿಂದ ಬಹಳ ಕೆಳಗಿರುತ್ತದೆ. ಹತ್ತು ಹನ್ನೊಂದು ವರ್ಷದ ಮಕ್ಕಳ ಪಾಡು ಮಾತ್ರ ನೋಡಲಾಗದು. ರೈಡಿನ ಬಾಗಿಲಲ್ಲಿ ನಿಲ್ಲಿಸಿದ ಅಳತೆಗೋಲಿನ ಕೆಳಗೆ ಹಿಮ್ಮಡಿ ಎತ್ತಿ ನಿಲ್ಲುತ್ತಾರೆ, ಸಿಬ್ಬಂದಿ ಭುಜದ ಮೇಲೆ ಕೈಯಿಟ್ಟು ಮೆಲ್ಲನೆ ಕೆಳಗೆ ಒತ್ತುತ್ತಾರೆ, ಅಣ್ಣ ಒಳಗೆ ಹೋಗುತ್ತಾನೆ, ತಮ್ಮ ಹೊರಗೆ ಉಳಿಯುತ್ತಾನೆ. ಮನೆಯ ಗೋಡೆಗೆ ನಿಲ್ಲಿಸಿ ಚಪ್ಪಲಿ ಇಲ್ಲದೆ ಅಳೆದು, ಯಾವ ರೈಡು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹೊರಡುವ ಮೊದಲೇ ಹೇಳಿಬಿಡುವುದು ಲೇಸು. ಈ ನಿಯಮದಲ್ಲಿ ವಾದಕ್ಕೆ ಎಡೆಯಿಲ್ಲ. ಭುಜದ ಮೇಲೆ ಬಂದು ಕೂರುವ ಕಬ್ಬಿಣದ ತಡೆ ಗಿಡ್ಡ ಮೈಗೆ ಸರಿಯಾಗಿ ಕೂರುವುದಿಲ್ಲ. ನಿಯಮ ಇರುವುದೇ ಅದಕ್ಕಾಗಿ.

ಆರು ವರ್ಷದ ಮಗುವೊಂದೇ ಮುಖ್ಯವೆನ್ನುವ ಮನೆಯವರು ರಾಮೋಜಿಯ ಫಂಡುಸ್ತಾನ್ ಭಾಗವನ್ನು ನೋಡಬಹುದು. ಅದು ಮಕ್ಕಳಿಗಾಗಿಯೇ ಮಾಡಿದ್ದು.

ಮುತ್ಯಾ, ಆಯಿ ಜೊತೆಗಿದ್ದಾರೆ. ನಡೆಯುವುದು ಎಷ್ಟಿರುತ್ತದೆ?

ರಾಮೋಜಿಯಲ್ಲಿ ದೂರಗಳನ್ನು ಬಸ್ಸು ನುಂಗಿಕೊಳ್ಳುತ್ತದೆ, ಆದರೆ ಬಸ್ಸು ನಿಲ್ಲುವ ಒಂದೊಂದು ಜಾಗದಲ್ಲೂ ಇಳಿದು, ನಡೆದು, ಮೆಟ್ಟಿಲು ಹತ್ತಿ ಬರಬೇಕಾಗುತ್ತದೆ. ಮೊಣಕಾಲು ನೋವಿನವರು ಎಲ್ಲ ಕಡೆ ಇಳಿಯಬೇಕೆಂಬ ಹಟ ಹಿಡಿಯದೆ ಬಸ್ ಸುತ್ತಾಟ, ಮೂವಿ ಮ್ಯಾಜಿಕ್, ಕುಳಿತು ನೋಡುವ ನೃತ್ಯ ಪ್ರದರ್ಶನ ಮತ್ತು ಸ್ಟಂಟ್ ಪ್ರದರ್ಶನ ಇಷ್ಟನ್ನು ಆರಿಸಿಕೊಂಡರೆ ದಿನ ಹಿತವಾಗಿ ಸಾಗುತ್ತದೆ. ಪ್ರದರ್ಶನಗಳ ವೇಳೆಯನ್ನು ಒಳಗೆ ಹೋದ ಕೂಡಲೇ ಕೇಳಿಟ್ಟುಕೊಳ್ಳಬೇಕು.

ವಂಡರ್‌ಲಾದಲ್ಲಿ ಹಿರಿಯರಿಗೆ ಕೆಲಸ ಕಡಿಮೆ. ಅವರನ್ನು ಚೀಲ ಕಾಯಲು ಕೂರಿಸುವುದಕ್ಕಾಗಿ ಟಿಕೆಟ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಲಾಕರ್ ಬಾಡಿಗೆ ಅದಕ್ಕಿಂತ ಅಗ್ಗ.

ನೀರಿನ ರೈಡುಗಳಿಗೆ ಸೀರೆ, ಚೂಡಿದಾರ ನಡೆಯುತ್ತದೆಯೇ?

ನಡೆಯುವುದಿಲ್ಲ. ಹತ್ತಿಯ ಬಟ್ಟೆ, ಸೀರೆ, ದುಪಟ್ಟಾ, ಜೀನ್ಸ್ ಯಾವುದಕ್ಕೂ ಕೊಳದೊಳಗೆ ಪ್ರವೇಶವಿಲ್ಲ; ನೈಲಾನ್ ಅಥವಾ ಅಂಥ ಸಿಂಥೆಟಿಕ್ ಉಡುಪೇ ಆಗಬೇಕು. ಹತ್ತಿಯ ಎಳೆ ಬಿಟ್ಟುಕೊಂಡು ನೀರು ಶುದ್ಧಗೊಳಿಸುವ ಯಂತ್ರದಲ್ಲಿ ಸೇರುವುದು ಒಂದು ಕಾರಣ, ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುವುದು ಇನ್ನೊಂದು. ಮೈ ಪೂರ್ತಿ ಮುಚ್ಚುವ, ಉದ್ದ ತೋಳಿನ, ಉದ್ದ ಕಾಲಿನ ಈಜುಡುಗೆಗಳು ಈಗ ಎಲ್ಲ ಕಡೆ ಸಿಗುತ್ತವೆ. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಅದನ್ನೇ ಕೊಳ್ಳುತ್ತಾರೆ. ಪಾರ್ಕಿನ ಅಂಗಡಿಯಲ್ಲೂ ದೊರೆಯುತ್ತದೆ, ಆದರೆ ಊರಲ್ಲೇ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ಕೊಂಡು ಹೋದರೆ ಅಳತೆ ನೋಡಿ ಕೊಳ್ಳಲು ಪುರಸೊತ್ತು ಇರುತ್ತದೆ.

ಹೋಗುವುದು ಹೇಗೆ?

ರಸ್ತೆಯಲ್ಲಿ ಬೀದರಿನಿಂದ ಹೈದರಾಬಾದಿಗೆ ಸುಮಾರು 145 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 220, ಯಾದಗಿರಿಯಿಂದ ಸುಮಾರು 200. ಬೀದರಿನವರು ಜಹೀರಾಬಾದಿನಲ್ಲಿ 65ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿಯುತ್ತಾರೆ. ಕಲಬುರಗಿಯವರು ಹುಮನಾಬಾದಿನ ಮೇಲೆ ಬಂದು ಅದೇ ಹೆದ್ದಾರಿಗೆ ಸೇರಬಹುದು. ಯಾದಗಿರಿಯವರಿಗೆ ಗುರುಮಠಕಲ್, ಕೊಡಂಗಲ್ ದಾರಿ ಹತ್ತಿರ. ಇಲ್ಲಿ ಗಮನಿಸಬೇಕಾದದ್ದೇನೆಂದರೆ ನಾವು ಬರುವುದು ನಗರದ ಪಶ್ಚಿಮದಿಂದ, ಪಾರ್ಕುಗಳಿರುವುದು ಪೂರ್ವ ಮತ್ತು ದಕ್ಷಿಣದ ಅಂಚಿನಲ್ಲಿ. ಊರೊಳಗೆ ಹೊಕ್ಕು ದಾಟುವ ಸಾಹಸ ಮಾಡದೆ 158 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯನ್ನು ಊರ ಅಂಚಿನಲ್ಲೇ, 65ನೆಯ ಹೆದ್ದಾರಿಯಲ್ಲಿ ಬಂದವರು ಪಟಾನ್‌ಚೆರು ಹತ್ತಿರ, ಏರಬೇಕು. ರಾವಿರ್ಯಾಲದಲ್ಲಿ ಇಳಿದರೆ ವಂಡರ್‌ಲಾ, ಇನ್ನೂ ಮುಂದೆ ಸಾಗಿ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದು ವಿಜಯವಾಡ ಹೆದ್ದಾರಿ ಹಿಡಿದರೆ ರಾಮೋಜಿ. ಟೋಲ್ ಕೊಡಬೇಕಾಗುತ್ತದೆ, ದ್ವಿಚಕ್ರ ವಾಹನಗಳಿಗೆ ಆ ರಸ್ತೆಯಲ್ಲಿ ಅವಕಾಶವಿಲ್ಲ. ಬಾಡಿಗೆಯ ಹಳದಿ ಫಲಕದ ಗಾಡಿಯಾದರೆ ತೆಲಂಗಾಣದ ಪರ್ಮಿಟ್ ಹಣ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಮಾತಾಡಿ ಮುಗಿಸಬೇಕು. ಗಡಿಯಲ್ಲಿ ನಿಂತು ಆಡುವ ಮಾತಲ್ಲ ಅದು.

ಬಸ್ಸಿನವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಇಮ್ಲಿಬನ್ ಎಂದು ನಮ್ಮವರು ಕರೆಯುವ ಮಹಾತ್ಮ ಗಾಂಧಿ ಬಸ್ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಇದೆ. ಕೆಂಪು ಮಾರ್ಗದಲ್ಲಿ ಕೊನೆಯ ನಿಲ್ದಾಣವಾದ ಎಲ್.ಬಿ. ನಗರಕ್ಕೆ ಹೋಗಿ, ಅಲ್ಲಿಂದ ಹಯಾತ್‌ನಗರದ ಕಡೆಯ ಬಸ್ಸು ಅಥವಾ ಆಟೋ ಹಿಡಿದು ರಾಮೋಜಿ ತಲುಪಬಹುದು. ವಂಡರ್‌ಲಾಕ್ಕೆ ಗುಂಪಿನಲ್ಲಿ ಹೋಗುವವರಿಗೆ ಕ್ಯಾಬ್ ಅನುಕೂಲ.

ಒಂದೇ ದಿನದಲ್ಲಿ ಎರಡನ್ನೂ ನೋಡಬಹುದೇ?

ಖಂಡಿತ ಆಗದು. ರಾಮೋಜಿ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ, ವಂಡರ್‌ಲಾ 11ಕ್ಕೆ ತೆರೆಯುತ್ತವೆ. ಎರಡಕ್ಕೂ ಇಡೀ ದಿನದ ಟಿಕೆಟ್, ಎರಡಕ್ಕೂ ಇಡೀ ದಿನದ ದಣಿವು.

ಹಾಗಾದರೆ ಎಲ್ಲಿ ಉಳಿಯಬೇಕು?

ರೆಸಾರ್ಟು ಎಂಬ ಲೆಕ್ಕದಲ್ಲಿ ನೋಡಿದರೆ ಹೈದರಾಬಾದಿನಲ್ಲಿ ರಾಮೋಜಿಯ ಕೈ ಮೇಲು. ಚಿತ್ರೀಕರಣಕ್ಕೆ ಬರುವ ತಂಡಗಳಿಗಾಗಿ ಕಟ್ಟಿದ ಹೋಟೆಲುಗಳೇ ಪ್ರವಾಸಿಗರಿಗೂ ಸಿಗುತ್ತವೆ: ಐಷಾರಾಮಕ್ಕೆ ಸಿತಾರಾ, ಮಧ್ಯಮಕ್ಕೆ ತಾರಾ, ಕೈಗೆಟಕುವ ದರಕ್ಕೆ ಶಾಂತಿನಿಕೇತನ, ಶಾಲೆಯ ಮಕ್ಕಳ ಗುಂಪಿಗೆ ಸಹಾರಾ. ವಸತಿ, ಪ್ರವೇಶ, ಊಟ ಸೇರಿಸಿದ ಪ್ಯಾಕೇಜುಗಳಿರುತ್ತವೆ. ಒಳಗೇ ಉಳಿಯುವುದರ ಲಾಭ ಸಂಜೆಯಲ್ಲಿದೆ. ದಿನದ ಪ್ರವಾಸಿಗರು ಬಸ್ಸು ಹತ್ತಿ ಹೊರಟ ಮೇಲೆ, ದೀಪ ಹಚ್ಚಿದ ತೋಟಗಳ ನಡುವೆ ಹಿರಿಯರು ನಿಧಾನವಾಗಿ ಅಡ್ಡಾಡಬಹುದು. ಮಕ್ಕಳನ್ನು ನಿದ್ದೆಗಣ್ಣಿನಲ್ಲಿ ನಗರದ ಟ್ರಾಫಿಕ್ಕಿನೊಳಗೆ ಎಳೆದೊಯ್ಯುವ ಕಷ್ಟ ತಪ್ಪುತ್ತದೆ.

ಮೊದಲು ಹೇಳಿದ ಎರಡು ಗುಂಪಿನ ಕುಟುಂಬಕ್ಕೆ ನನ್ನ ಸಲಹೆ ಇದು. ಮೊದಲ ದಿನ ಎಲ್ಲರೂ ಕೂಡಿ ರಾಮೋಜಿ ನೋಡಿ, ಅಲ್ಲೇ ಉಳಿಯಿರಿ. ಮರುದಿನ ತಿಂಡಿ ಮುಗಿಸಿ ಹೊರವರ್ತುಲ ರಸ್ತೆಯಲ್ಲಿ ಹಿಂದಿರುಗುವಾಗ ಹುಡುಗರನ್ನು ವಂಡರ್‌ಲಾದಲ್ಲಿ ಇಳಿಸಿ, ಹಿರಿಯರನ್ನು ಸಾಲಾರ್‌ಜಂಗ್ ಮ್ಯೂಸಿಯಂ, ಚಾರ್‌ಮಿನಾರ್ ಕಡೆ ಕರೆದೊಯ್ಯಿರಿ. ಬಳೆ ಕೊಳ್ಳದೆ ಆಯಿ ಊರಿಗೆ ಮರಳುವುದಿಲ್ಲವಾದ್ದರಿಂದ ಲಾಡ್ ಬಜಾರಿಗೆ ಹೇಗೂ ಹೋಗಲೇಬೇಕು. ಈ ಕ್ರಮವನ್ನು ತಿರುವು ಮಾಡಬೇಡಿ. ಮೊದಲ ದಿನ ವಂಡರ್‌ಲಾದ ನೀರಿನಲ್ಲಿ ಬಿದ್ದ ಹುಡುಗರು ಎರಡನೆಯ ದಿನ ರಾಮೋಜಿಯ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾರೆ.

ಯಾವ ಕಾಲದಲ್ಲಿ ಹೋದರೆ ಪಾಳಿ ಕಡಿಮೆ?

ಎರಡು ರಾಜ್ಯಗಳ ಶಾಲಾ ರಜೆಗಳ ನಡುವಿನ ಅಂತರದಲ್ಲಿ ಇದರ ಗುಟ್ಟಿದೆ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಆರಂಭವಾದರೆ, ತೆಲಂಗಾಣದ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್ ಕೊನೆಯ ವಾರದವರೆಗೆ, ಅರ್ಧ ದಿನವಾದರೂ, ನಡೆಯುತ್ತಿರುತ್ತವೆ. ಆ ಎರಡು ವಾರಗಳ ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಹೋದರೆ ನಮ್ಮ ಮಕ್ಕಳಿಗೆ ರಜೆ, ಅಲ್ಲಿಯ ಮಕ್ಕಳಿಗೆ ಶಾಲೆ. ಆ ವರ್ಷದ ದಿನಾಂಕಗಳನ್ನು ಮಾತ್ರ ನೋಡಿಕೊಳ್ಳಬೇಕು. ದಸರೆಯಲ್ಲಿ ಇಂಥ ಅನುಕೂಲವಿಲ್ಲ. ಬತುಕಮ್ಮ ಹಬ್ಬದ ಕಾರಣ ಅಲ್ಲಿಯೂ ಉದ್ದನೆಯ ರಜೆ ಇರುತ್ತದೆ. ಸಂಕ್ರಾಂತಿ, ಎರಡನೆಯ ಶನಿವಾರ, ಭಾನುವಾರಗಳನ್ನು ಬಿಟ್ಟುಬಿಡಿ.

ರಾಮೋಜಿಗೆ ಮಾತ್ರ ಬೇಸಿಗೆ ಒಳ್ಳೆಯದಲ್ಲ. ಅಲ್ಲಿ ನೆರಳಿಗಿಂತ ಬಯಲು ಹೆಚ್ಚು. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ, ಚಳಿಗಾಲದ ಉತ್ಸವವೂ ಆಗ ನಡೆಯುತ್ತದೆ.

ಬುತ್ತಿ ಕಟ್ಟಿಕೊಂಡು ಹೋಗಬಹುದೇ?

ದಾರಿಗೆ ಕಟ್ಟಿಕೊಳ್ಳಿ, ಪಾರ್ಕಿನೊಳಗೆ ಒಯ್ಯಲು ಬಿಡುವುದಿಲ್ಲ. ಗೇಟಿನಲ್ಲಿ ಚೀಲ ತೆರೆದು ನೋಡುವುದುಂಟು. ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಗಾಡಿಯಲ್ಲೇ ಇರಲಿ. ಶಿಶುವಿನ ಆಹಾರಕ್ಕೆ ತಕರಾರು ಇರುವುದಿಲ್ಲ. ಒಳಗೆ ಸಸ್ಯಾಹಾರದ ಊಟ ಎರಡೂ ಕಡೆ ಸಿಗುತ್ತದೆ. ಜೋಳದ ರೊಟ್ಟಿ ಸಿಗುವುದಿಲ್ಲ.

ಪಾಳಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಳ್ಳುವುದು ದುಡ್ಡು ದಂಡವೇ?

ವಾರದ ನಡುವಿನ ದಿನಗಳಲ್ಲಿ ದಂಡವೇ. ಜನಜಂಗುಳಿಯ ದಿನ ಹೋಗದೆ ಗತಿಯಿಲ್ಲ ಎನ್ನುವವರು, ಅದರಲ್ಲೂ ರಾತ್ರಿಯೇ ಊರಿಗೆ ಮರಳಬೇಕಾದವರು ಕೊಳ್ಳಬಹುದು. ವಂಡರ್‌ಲಾದಲ್ಲಿ ವಾರಾಂತ್ಯದ ದರ ಹೇಗೂ ಹೆಚ್ಚು. ಅದರ ಮೇಲೆ ಫಾಸ್ಟ್‌ಟ್ರ್ಯಾಕ್ ಸೇರಿದರೆ ಒಂದು ಕುಟುಂಬದ ಖರ್ಚು ಹೋಟೆಲಿನ ಬಾಡಿಗೆಯನ್ನೂ ಮೀರೀತು. ಕಾಲೇಜಿನ ಮಕ್ಕಳು ಗುರುತಿನ ಚೀಟಿ ಒಯ್ಯಲಿ, ರಿಯಾಯಿತಿ ಸಿಗುವ ಸಂಭವವಿದೆ. ಫಾಸ್ಟ್‌ಟ್ರ್ಯಾಕ್ ಇಲ್ಲದವರು ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ದೊಡ್ಡ ಒಣ ರೈಡುಗಳನ್ನು ಮುಗಿಸಿ, ಜನ ಅತ್ತ ಬರುವ ಹೊತ್ತಿಗೆ ನೀರಿಗೆ ಇಳಿಯಬೇಕು. ಊಟವಾದ ಕೂಡಲೇ ರಿಕಾಯಿಲ್ ಏರುವುದು ಬೇಡ. ಕಾರಣ ಬಿಡಿಸಿ ಹೇಳುವ ಅಗತ್ಯವಿಲ್ಲ.

ಯಾರು ಇಂಥ ರೈಡುಗಳನ್ನು ಏರಬಾರದು?

ಹೃದಯದ ತೊಂದರೆ, ಹೆಚ್ಚಿನ ರಕ್ತದೊತ್ತಡ, ಮೂರ್ಛೆರೋಗ, ಕತ್ತು ಮತ್ತು ಬೆನ್ನಿನ ನೋವು ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಏರಬಾರದು. ಕನ್ನಡಕ, ಮೊಬೈಲು, ಕಿವಿಯ ಝುಮಕಿ ಲಾಕರಿನಲ್ಲಿರಲಿ. ಮಾಂಗಲ್ಯವನ್ನು ಬಟ್ಟೆಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುವುದನ್ನು ಹೆಣ್ಣುಮಕ್ಕಳು ತಾವೇ ಕಂಡುಕೊಂಡಿದ್ದಾರೆ. ಗುಡುಗು ಮಿಂಚು ಬಂದರೆ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ. ಸಿಬ್ಬಂದಿಯೊಂದಿಗೆ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ನಮ್ಮದೇ ರಾಜ್ಯದ ಬಿಡದಿ ವಂಡರ್‌ಲಾ ಬಿಟ್ಟು ಹೈದರಾಬಾದಿಗೆ ಏಕೆ ಹೋಗಬೇಕು?

ದೂರವೊಂದೇ ಕಾರಣ. ಬಿಡದಿಯ ಪಾರ್ಕು ಹಳೆಯದು, ಮರಗಳು ಬೆಳೆದು ನೆರಳು ದಟ್ಟವಾಗಿದೆ, ಹವೆಯೂ ತಂಪು. ಪಕ್ಕದಲ್ಲೇ 2012ರಿಂದ ವಂಡರ್‌ಲಾ ರೆಸಾರ್ಟು ಇದೆ. ರೈಡು ಮತ್ತು ವಸತಿ ಒಂದೇ ಕಡೆ ಬೇಕೆನ್ನುವವರಿಗೆ ಅದು ಹೈದರಾಬಾದಿನದಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್ ಬೆಳಗಿನ ಜಾವ ಹೊರಟು ಮಧ್ಯಾಹ್ನ ತಲುಪಿಸುತ್ತದೆ, ಆದರೆ ಅದು ನಿಲ್ಲುವ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಊರಿನ ಒಂದು ತುದಿ, ಬಿಡದಿ ಇನ್ನೊಂದು ತುದಿಯ ಆಚೆ. ಬೆಂಗಳೂರಿನಲ್ಲಿ ನೆಂಟರಿದ್ದು, ಹೇಗೂ ಹೋಗುವುದಿದ್ದರೆ ಬಿಡದಿ ನೋಡಿ. ಪಾರ್ಕಿಗಾಗಿಯೇ ಹೋಗುವುದಾದರೆ ಹೈದರಾಬಾದೇ ಸಾಕು.

ಇಮ್ಯಾಜಿಕಾದಲ್ಲಿ ಏನು ಹೆಚ್ಚುಗಾರಿಕೆ?

ನೋಡುವುದನ್ನೂ ಏರುವುದನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸುವ ಯತ್ನ ಭಾರತದಲ್ಲಿ ದೊಡ್ಡ ಮಟ್ಟದಲ್ಲಿ ಆದದ್ದು ಇಲ್ಲಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಬಳಿ, ಖೋಪೋಲಿ ಹತ್ತಿರ 2013ರಲ್ಲಿ ಆರಂಭವಾದ ಪಾರ್ಕು. ಮರುವರ್ಷ ನೀರಿನ ಪಾರ್ಕು, ನಂತರ ನೊವೊಟೆಲ್ ಹೋಟೆಲು, ಹಿಮದ ಪಾರ್ಕು ಸೇರಿಕೊಂಡವು. ಇಲ್ಲಿಯ ರೈಡುಗಳಿಗೆ ಕಥೆಯ ಉಡುಪಿದೆ. ನೀರಿನ ಮೇಲೆ ದೋಣಿಯಲ್ಲಿ ಒಯ್ಯುವ ಒಂದು ರೈಡಿಗೆ ರಾಜಾಸಾರಸ್ ಎಂಬ ಹೆಸರು. ಅದು ಗುಜರಾತಿನಲ್ಲಿ ಪಳೆಯುಳಿಕೆ ಸಿಕ್ಕ ಭಾರತದ್ದೇ ಡೈನೋಸಾರಿನ ಹೆಸರು. ನೈಟ್ರೋ ಎಂಬ ರೋಲರ್ ಕೋಸ್ಟರು ಸುಮಾರು 40 ಮೀಟರ್ ಎತ್ತರದ್ದು, ಕಾಲ ಕೆಳಗೆ ನೆಲವಿಲ್ಲದ್ದು. ರಿಕಾಯಿಲ್ ಅದರ ಮುಂದೆ ಚಿಕ್ಕದೇ. ಡೀಪ್ ಸ್ಪೇಸ್ ಎಂಬುದು ಕತ್ತಲ ಕೋಣೆಯೊಳಗೆ ಓಡುತ್ತದೆ.

ಕಲಬುರಗಿ, ಯಾದಗಿರಿಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಮುಂಬೈ ರೈಲು ಹಿಡಿದು ಪುಣೆಯಲ್ಲಿ ಇಳಿದು, ರಸ್ತೆಯಲ್ಲಿ ಎರಡು ಗಂಟೆ ಸಾಗಬೇಕು. ಮಳೆಗಾಲದಲ್ಲಿ ಆ ಘಟ್ಟದ ಚೆಲುವು ಕಣ್ಣು ತುಂಬುತ್ತದೆ, ಆದರೆ ಅದೇ ಮಳೆ ರೈಡುಗಳನ್ನೂ ನಿಲ್ಲಿಸುತ್ತದೆ. ರೋಲರ್ ಕೋಸ್ಟರಿನ ಹುಚ್ಚು ನಿಜವಾಗಿ ಇರುವವರಿಗೆ ಈ ಪ್ರಯಾಣ ಸಾರ್ಥಕ. ಬರೀ ನೀರಾಟ ಬೇಕಾದವರಿಗೆ ಅಷ್ಟು ದೂರ ಹೋಗುವ ಕಾರಣವಿಲ್ಲ.

ಮಗಳು ಅಮೆರಿಕದಲ್ಲಿದ್ದಾಳೆ, ಫ್ಲಾರಿಡಾದ ಆರ್ಲ್ಯಾಂಡೊಗೆ ಕರೆದೊಯ್ಯುತ್ತಾಳಂತೆ. ಡಿಸ್ನಿ ಒಳ್ಳೆಯದೋ, ಯೂನಿವರ್ಸಲ್ಲೋ?

ರಾಮೋಜಿ-ವಂಡರ್‌ಲಾ ತಕರಾರಿನ ದೊಡ್ಡಣ್ಣ ಇದು. ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು. ಈಗ ಅಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕುಗಳಿವೆ; ಒಂದೊಂದಕ್ಕೂ ಒಂದೊಂದು ದಿನ ಬೇಕು, ಒಂದರಿಂದ ಇನ್ನೊಂದಕ್ಕೆ ಬಸ್ಸು, ದೋಣಿ, ಮಾನೊರೈಲುಗಳಲ್ಲಿ ಹೋಗಬೇಕು. ಯೂನಿವರ್ಸಲ್ 1990ರಲ್ಲಿ ಚಿತ್ರ ಸ್ಟುಡಿಯೋ ಪಾರ್ಕಾಗಿ ಬಂದಿತು, 1999ರಲ್ಲಿ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಸೇರಿತು. ಈ ಎರಡೂ ಅಕ್ಕಪಕ್ಕದಲ್ಲಿದ್ದು ನಡೆದೇ ಹೋಗಬಹುದು. 2010ರಲ್ಲಿ ಹ್ಯಾರಿ ಪಾಟರ್ ಲೋಕವನ್ನು ಕಟ್ಟಿದ ಮೇಲೆ ಯೂನಿವರ್ಸಲ್‌ನ ದೆಸೆಯೇ ತಿರುಗಿತು. 2025ರ ಮೇ 22ರಂದು ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕು ಸ್ವಲ್ಪ ದೂರದಲ್ಲಿ ತೆರೆಯಿತು.

ಅರವತ್ತು ದಾಟಿದ ತಂದೆತಾಯಿಗೆ, ಐದಾರು ವರ್ಷದ ಮೊಮ್ಮಗುವಿಗೆ ಡಿಸ್ನಿಯಲ್ಲಿ ಕುಳಿತು ನೋಡುವಂಥದ್ದು ಧಾರಾಳವಾಗಿದೆ: ಮೆರವಣಿಗೆ, ಸಿಡಿಮದ್ದು, ಮೆಲ್ಲಗೆ ಸಾಗುವ ದೋಣಿ, ಅನಿಮಲ್ ಕಿಂಗ್‌ಡಮ್‌ನ ತೆರೆದ ಗಾಡಿಯಿಂದ ಕಾಣುವ ಜಿರಾಫೆ ಮತ್ತು ಆನೆ. ಹನ್ನೆರಡು ದಾಟಿದ ಮೊಮ್ಮಕ್ಕಳು ಯೂನಿವರ್ಸಲ್ ಎಂದೇ ಹೇಳುತ್ತಾರೆ, ಮತ್ತು ಅವರು ಹೇಳುವುದು ಸರಿ. ಆದರೆ ಯೂನಿವರ್ಸಲ್‌ನ ಹಲವು ರೈಡುಗಳಲ್ಲಿ ಪರದೆಯ ಮುಂದೆ ಕುರ್ಚಿ ಅಲುಗಾಡುತ್ತದೆ; ಘಟ್ಟದ ರಸ್ತೆಯಲ್ಲಿ ವಾಂತಿ ಬರುವವರು ಅಲ್ಲಿ ಎಚ್ಚರವಾಗಿರಬೇಕು. ಪಾಳಿ ತಪ್ಪಿಸುವ ಪಾಸು ಎರಡೂ ಕಡೆ ದುಡ್ಡಿಗೇ. ಯೂನಿವರ್ಸಲ್‌ನ ಕೆಲವು ದುಬಾರಿ ಹೋಟೆಲುಗಳಲ್ಲಿ ಉಳಿದವರಿಗೆ ಹಳೆಯ ಎರಡು ಪಾರ್ಕುಗಳ ಪಾಸು ಬಾಡಿಗೆಯಲ್ಲೇ ಸೇರಿರುತ್ತದೆ. ಊಟದ ವಿಷಯದಲ್ಲಿ ಡಿಸ್ನಿ ಮುಂದು. ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಸನಾ ಹೋಟೆಲಿನಲ್ಲಿ ಬಗೆಬಗೆಯ ನಾನ್‌ಗಳನ್ನು ಚಟ್ನಿಗಳ ಸಾಲಿನೊಂದಿಗೆ ಕೊಡುತ್ತಾರೆ. ಬರ್ಗರಿನಿಂದ ಬೇಸತ್ತ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಲು ಮಗಳಿಗೆ ಮೊದಲೇ ಹೇಳಿಡಿ. ಕಿಟಕಿಯಾಚೆ ಜೀಬ್ರಾ ಮೇಯುತ್ತಿರುತ್ತವೆ, ಮುಂಗಡ ಕಾದಿರಿಸದೆ ಜಾಗ ಸಿಗುವುದು ಕಷ್ಟ.

ಅಷ್ಟು ದೂರ ಬೇಡ, ಏಷ್ಯಾದಲ್ಲೇ ಇವು ಇಲ್ಲವೇ?

ಇವೆ. ಭಾರತದಲ್ಲಿ ಎರಡೂ ಇಲ್ಲ. ಡಿಸ್ನಿಲ್ಯಾಂಡ್ 2005ರಿಂದ ಹಾಂಗ್‌ಕಾಂಗಿನಲ್ಲಿದೆ, ಯೂನಿವರ್ಸಲ್ 2010ರಿಂದ ಸಿಂಗಾಪುರದ ಸೆಂಟೋಸಾ ದ್ವೀಪದಲ್ಲಿದೆ. ಎರಡೂ ಫ್ಲಾರಿಡಾದವಕ್ಕಿಂತ ಬಹಳ ಚಿಕ್ಕವು, ಒಂದೊಂದು ದಿನ ಸಾಕು. ಹೈದರಾಬಾದಿನಿಂದ ಸಿಂಗಾಪುರಕ್ಕೆ ನೇರ ವಿಮಾನವಿದೆ. ಊಟದ ಚಿಂತೆಯೂ ಅಲ್ಲಿ ಕಡಿಮೆ, ಲಿಟಲ್ ಇಂಡಿಯಾದಲ್ಲಿ ಇಡ್ಲಿ, ಅನ್ನ, ಸಾರು ಎಲ್ಲವೂ ಸಿಗುತ್ತವೆ.